ನಾಗಮ್ಮನಿಂದ ನಾಗಶ್ರೀವರೆಗೆ: ಘಾಟಿ ಸೀಮೆಯ ಒಂದು ಹರಕೆ ಹೆಸರು

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಕ್ಷೇತ್ರದಲ್ಲಿ ಸುಬ್ರಹ್ಮಣ್ಯನ ಬೆನ್ನಿಗೇ ನರಸಿಂಹನಿದ್ದಾನೆ. ಹಿಂದಿನ ಕನ್ನಡಿಯಲ್ಲಿ ಭಕ್ತರು ಅವನ ದರ್ಶನವನ್ನೂ ಪಡೆಯುತ್ತಾರೆ. ಮಕ್ಕಳಾಗದವರು ಇಲ್ಲಿ ಹರಕೆ ಹೊತ್ತು ನಾಗರಕಲ್ಲು ಪ್ರತಿಷ್ಠೆ ಮಾಡಿಸುತ್ತಾರೆ. ಹರಕೆ ಫಲಿಸಿ ಗಂಡಾದರೆ ನಾಗರಾಜ, ಹೆಣ್ಣಾದರೆ ನಾಗಮ್ಮ.

ಹೆಸರು ಹಳೆಯದು, ಅರಮನೆಯನ್ನೂ ಕಂಡದ್ದು: ಕೃಷ್ಣದೇವರಾಯನ ತಾಯಿ ನಾಗಲಾದೇವಿ. ಇಪ್ಪತ್ತನೇ ಶತಮಾನದಲ್ಲಿ ಅದಕ್ಕೆ ರತ್ನ ಸೇರಿದ ರೂಪ ಮೆರೆಯಿತು. ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು 1910ರಲ್ಲಿ ಅಚ್ಚು ಹಾಕಿಸಿದ ಗಾಯಕಿ ಬೆಂಗಳೂರು ನಾಗರತ್ನಮ್ಮ (1878–1952), 1972ರಲ್ಲಿ ನಮ್ಮ ರಾಜ್ಯದ ವಿಧಾನಸಭೆಯ ಅಧ್ಯಕ್ಷ ಪೀಠವೇರಿದ ಮೊದಲ ಮಹಿಳೆ ಕೆ.ಎಸ್. ನಾಗರತ್ನಮ್ಮ ಇಬ್ಬರೂ ಅದೇ ಹೆಸರಿನವರು. ಮುಂದಿನ ತಲೆಮಾರು ‘ಅಮ್ಮ’ನನ್ನು ಕೈಬಿಟ್ಟು ನಾಗರತ್ನ, ನಾಗವೇಣಿ, ನಾಗಮಣಿ ಎಂದಿತು; ಆಮೇಲೆ ಬಂದವಳು ನಾಗಶ್ರೀ. ಹಾಗಾಗಿ ಹಳತಾದದ್ದು ನಾಗನಲ್ಲ, ಅಮ್ಮ. ಇದೇ ಸೀಮೆಯ ಮುನಿಯಮ್ಮ ಎಂಬ ಹೆಸರಿಗೆ ಈ ದಾರಿ ಅಷ್ಟು ಸಲೀಸಾಗಿ ಸಿಗಲಿಲ್ಲ. ಮುನಿರತ್ನ ಎಂದರೆ ಜನ ಗಂಡಸರ ಕಡೆಗೇ ನೋಡುತ್ತಾರೆ!

ಇಂಥ ಹೆಸರಿನವರು ಎಷ್ಟು ಜನ ಎಂದು ಎಣಿಸಲು ಹೊರಟರೆ ತೊಡಕು ಇರುವುದು ದಾಖಲೆಯಲ್ಲಿ. ಪಹಣಿಯಲ್ಲಿ ‘ನಾಗಮ್ಮ ಕೋಂ (ಹೆಂಡತಿ) ಮುನಿಶಾಮಪ್ಪ’ ಎಂಬ ಬಗೆಯ ನಮೂದು ಇರುತ್ತದೆ. ಅದೇ ಹೆಂಗಸು ಆಧಾರ್‌ನಲ್ಲಿ ನಾಗರತ್ನಮ್ಮ, ಊರಲ್ಲಿ ಬರೀ ರತ್ನಮ್ಮ. ಭೂಸ್ವಾಧೀನ, ಪೌತಿ ಖಾತೆ ಎಂದಾಗ ಎರಡೂ ದಾಖಲೆಯ ಹೆಸರು ಒಬ್ಬಳದೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಬೇಕಾಗುತ್ತದೆ. ದೇವನಹಳ್ಳಿಯ ಸುತ್ತ ಜಮೀನಿಗೆ ಬೆಲೆ ಬಂದ ಮೇಲೆ ಈ ಗೊಂದಲಕ್ಕೂ ಬೆಲೆ ಬಂತು.

ಜಾತಕ ನೋಡಿ ಹೆಸರಿಡುವ ಮನೆಯಲ್ಲಿ ಇನ್ನೊಂದು ಪೇಚು. ‘ನ’ ಅಕ್ಷರ ಅನೂರಾಧಾ ನಕ್ಷತ್ರದ್ದು. ಮಗು ಬೇರೆ ನಕ್ಷತ್ರದಲ್ಲಿ ಹುಟ್ಟಿದರೆ ಹರಕೆಯ ಹೆಸರನ್ನು ತೊಟ್ಟಿಲಲ್ಲಿ ಕರೆದು, ಶಾಲೆಗೆ ಬೇರೊಂದನ್ನು ಬರೆಸುವುದುಂಟು. ಶಾಲೆಯ ದಾಖಲಾತಿ ಪುಸ್ತಕ ಮಾತ್ರ ನೋಡಿದವರಿಗೆ ನಾಗಮ್ಮ ಮಾಯವಾದಂತೆ ಕಾಣುತ್ತಾಳೆ, ಮನೆಯಲ್ಲಿ ಅವಳು ಇದ್ದೇ ಇರುತ್ತಾಳೆ.

ಇನ್ನು ಕಾನೂನಿಗೆ ಬಂದರೆ, 1969ರ ಜನನ-ಮರಣ ನೋಂದಣಿ ಕಾಯ್ದೆಯ 14ನೇ ಕಲಮಿನಂತೆ ಹೆಸರಿಲ್ಲದೆ ನೋಂದಾದ ಮಗುವಿಗೆ ಆಮೇಲೆ ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಅಂದಿನಿಂದ ಹುಟ್ಟಿದವರ ಶಾಲಾ ಸೇರ್ಪಡೆಗೂ ಪಾಸ್‌ಪೋರ್ಟಿಗೂ ಹುಟ್ಟಿದ ದಿನ, ಸ್ಥಳಗಳ ಪುರಾವೆ ಜನನ ಪ್ರಮಾಣಪತ್ರವೇ. ಅದರಲ್ಲಿ ಹರಕೆ ಹೆಸರಿಗೆಂದು ಪ್ರತ್ಯೇಕ ಕಾಲಂ ಇಲ್ಲ. ಹಾಗಾಗಿ ಈ ಸೀಮೆಯ ಹೆಸರುಗಳನ್ನು ಅಧ್ಯಯನ ಮಾಡುವವರು ಮತದಾರರ ಪಟ್ಟಿ ಹಿಡಿದು ಕೂರುವುದರ ಜೊತೆಗೆ ಮನೆಯ ಹಿರಿಯರನ್ನೂ ಕೇಳಬೇಕು.