ನಡುವೆ ಬಾಯಿ ಹಾಕುವ ಮುನ್ನ: ಕೆಜಿಎಫ್‌ನ ಒಂದು ಹಳೆಯ ಪಾಠ

ನಾಲ್ಕು ಜನ ಓದಿದವರು ಮಾತಾಡುತ್ತಿರುವ ಕಡೆ, ಪರಿಚಯವಿಲ್ಲದವರು ಹೋಗಿ ಸೇರಿಕೊಳ್ಳುವುದು ಹೇಗೆ? ‘ನಡುವೆ ಬಾಯಿ ಹಾಕಬೇಡ’ ಎಂದು ಹಿರಿಯರು ಗದರುತ್ತಾರೆ. ಆದರೆ ಎಂದೂ ಬಾಯಿ ತೆರೆಯದಿದ್ದರೆ ಹೊರಗಿನವರು ಹೊರಗೇ ಉಳಿದುಬಿಡುತ್ತಾರೆ. ಈ ಇಕ್ಕಟ್ಟಿಗೆ ನಮ್ಮದೇ ಜಿಲ್ಲೆಯ ಚಿನ್ನದ ಗಣಿಯ ಜನ ನೂರು ವರ್ಷದ ಹಿಂದೆಯೇ ಒಂದು ದಾರಿ ಕಂಡುಕೊಂಡಿದ್ದರು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿ ಕೆಲಸ ಹಿಡಿಯಿತು. ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಕೂಲಿಗೆ ಬಂದವರಲ್ಲಿ ತಮಿಳು ಮಾತಾಡುವ ದಲಿತರೇ ಹೆಚ್ಚು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಬಂತು. ಮದ್ರಾಸಿನ ಓಡಾಟ ಸಲೀಸಾಯಿತು.

ಆಗ ಮದ್ರಾಸಿನಲ್ಲಿ ಅಯೋತಿದಾಸ ಪಂಡಿತರಿದ್ದರು. ದಲಿತ ಸಮುದಾಯದ ಸಿದ್ಧವೈದ್ಯರು, ತಮಿಳು ವಿದ್ವಾಂಸರು. 1898ರಲ್ಲಿ ಬೌದ್ಧ ಧರ್ಮ ಸ್ವೀಕರಿಸಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ ‘ಒರು ಪೈಸಾ ತಮಿಳನ್’ ಎಂಬ ವಾರಪತ್ರಿಕೆ ಶುರು ಮಾಡಿದರು. ಬೆಲೆ ಹೆಸರಿನಲ್ಲೇ ಇತ್ತು: ಒಂದು ಪೈಸೆ. ಜಾತಿ ಹೇಗೆ ಹುಟ್ಟಿತು, ಬುದ್ಧ ಏನು ಹೇಳಿದ ಎಂಬಂಥ ದೊಡ್ಡ ಚರ್ಚೆಗಳು ಅದರಲ್ಲಿ ನಡೆಯುತ್ತಿದ್ದವು. ಓದುಗರು ಪ್ರಶ್ನೆ ಬರೆದು ಕಳಿಸಿದರೆ ಉತ್ತರ ಅಚ್ಚಾಗುತ್ತಿತ್ತು. ಸಂಘದ ಗಟ್ಟಿ ಶಾಖೆಗಳು ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ಗಳಲ್ಲೂ ಬೆಳೆದವು.

ಪ್ರಶ್ನೆ ಕೇಳುವುದರಲ್ಲಿ ಒಂದು ಮರ್ಯಾದೆಯಿದೆ ನೋಡಿ. ಕೇಳುವವರು ಮೊದಲು ಓದಿರಬೇಕು, ಇಲ್ಲವೇ ಕೇಳಿಸಿಕೊಂಡಿರಬೇಕು. ‘ನನಗೆಲ್ಲ ಗೊತ್ತು’ ಎಂದು ಹೇಳಿಕೊಳ್ಳಬೇಕಾಗಿಲ್ಲ, ತಲೆ ತಗ್ಗಿಸಬೇಕಾಗಿಯೂ ಇಲ್ಲ. ಒಳಗಿನವರಿಗೂ ಕರ್ತವ್ಯವಿದೆ: ಬಂದವರಿಗೆ ತಿಳಿಯುವ ಭಾಷೆಯಲ್ಲಿ, ಕೈಗೆಟುಕುವ ಬೆಲೆಯಲ್ಲಿ ಉತ್ತರ ಕೊಡುವುದು.

ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಪ್ರಶ್ನೆಗಳ ಮಳೆ ಸುರಿಸುತ್ತಾರೆ. ಅಲ್ಲಿ ಪರೀಕ್ಷೆ ಬಂದವರಿಗೆ. ‘ತಮಿಳನ್’ ಪುಟದಲ್ಲಿ ಬಂದವರೇ ಕೇಳಿದರು, ಪಂಡಿತರು ಉತ್ತರಿಸಬೇಕಾಯಿತು.

1914ರಲ್ಲಿ ಅಯೋತಿದಾಸರು ತೀರಿಕೊಂಡರು. ಮುಂದೆ ಪತ್ರಿಕೆ ನಿಂತುಹೋಯಿತು. 1926ರಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟವರು ಜಿ. ಅಪ್ಪಾದುರೈ, ಅದೂ ಕೆಜಿಎಫ್‌ನಿಂದ. ಪಂಡಿತರ ಪುಸ್ತಕಗಳನ್ನು ಪ್ರಕಟಿಸಿದ ಸಿದ್ಧಾರ್ಥ ಪುಸ್ತಕಶಾಲೆ ಇದ್ದದ್ದು ಚಾಂಪಿಯನ್ ರೀಫ್ಸ್‌ನಲ್ಲಿ. ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿದ ಊರೇ ಚರ್ಚೆಯ ಮನೆಯಾಯಿತು.

ಕಂಪನಿಗೆ ಮಾತ್ರ ಇವರು ಕೂಲಿಗಳಷ್ಟೇ. 1930ರಲ್ಲಿ ಕಾರ್ಮಿಕರೆಲ್ಲ ಬೆರಳಚ್ಚು ಕೊಡಬೇಕು ಎಂಬ ಕಟ್ಟಳೆ ಬಂತು. ಜನ 21 ದಿನ ಕೆಲಸ ನಿಲ್ಲಿಸಿದರು. ಪತ್ರಿಕೆ ನಡೆಸುತ್ತಿದ್ದ ಊರಿನವರನ್ನು ಬೆರಳಿನ ಗುರುತಿನಿಂದ ಲೆಕ್ಕ ಇಡಲು ಹೊರಟರೆ ಸಿಟ್ಟು ಬರದೆ ಇರುತ್ತದೆಯೇ?

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಇವತ್ತು ಆ ಜನರ ಮಕ್ಕಳು, ಮೊಮ್ಮಕ್ಕಳು ಬೆಳಗ್ಗೆ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ರೈಲಲ್ಲಿ ದುಡಿಯಲು ಹೋಗುತ್ತಾರೆ. ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ, ತೆಲುಗು ಆಡುವ ನಾವು ಅದೇ ಬೋಗಿಯಲ್ಲಿ ಪಕ್ಕದಲ್ಲೇ ಕೂರುತ್ತೇವೆ. ಕೆಜಿಎಫ್ ಅಂದರೆ ನಮಗೆ ಚಿನ್ನ, ಇಲ್ಲವೇ ಸಿನಿಮಾ. ಅಲ್ಲಿ ಒಂದು ವಿದ್ವತ್ತಿನ ಪರಂಪರೆಯೂ ಇತ್ತು ಎಂಬುದು ನಮ್ಮ ಮಾತಿನಲ್ಲಿ ಬರುವುದೇ ಅಪರೂಪ. ಆ ಮಾತುಕತೆಗೆ ಈಗ ಹೊರಗಿನವರು ನಾವೇ.

ಒಳಗೆ ಹೋಗುವ ದಾರಿಯನ್ನು ಅವರೇ ತೋರಿಸಿದ್ದಾರೆ. ಮೊದಲು ಕೇಳಿಸಿಕೊಳ್ಳೋಣ, ತಮಿಳಾದರೂ ಸರಿ. ತಿಳಿಯದಿದ್ದರೆ ‘ಅಣ್ಣಾ, ಇದೇನು ಸ್ವಲ್ಪ ಹೇಳ್ತೀರಾ?’ ಎನ್ನೋಣ. ಅವರಿಂದ ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳುವಾಗ ಅವರ ಹೆಸರನ್ನು ಮೊದಲು ಹೇಳೋಣ.