ಗಮ್ಲಿಯೇಲನ ಮನೆಯ ಚಿತ್ರದ ಬಿಲ್ಲೆ: ಪೆಸಾಖ್ ಹಬ್ಬದ ಬಿಸ್ಕತ್ತಿನ ಬಗ್ಗೆ ಒಂದು ಪಾಠವಿಚಾರ

ಯೆಹೂದಿ ಹಬ್ಬದ ಅಡುಗೆಯ ಬಗ್ಗೆ ಬರೆಯುವವರು ಬಿಸ್ಕತ್ತಿನ ವಿಷಯಕ್ಕೆ ಬಂದ ಕೂಡಲೇ ಒಂದು ಮಾತನ್ನು ಪರೀಕ್ಷಿಸದೆ ದಾಟಿಸಿಬಿಡುತ್ತಾರೆ. ಪೆಸಾಖ್ ದಿನಗಳಲ್ಲಿ ಹಿಟ್ಟು ನಿಷಿದ್ಧ, ಆದ್ದರಿಂದ ಬಾದಾಮಿ, ಸಕ್ಕರೆ, ಮೊಟ್ಟೆಯ ಬಿಳಿ ಸೇರಿಸಿ ಮಾಡುವ ಮ್ಯಾಕರೂನ್ ಆ ಹಬ್ಬದ ಮೂಲ ಬಿಸ್ಕತ್ತು ಎಂಬುದೇ ಆ ಮಾತು. ಇದರ ಮೊದಲ ಅರ್ಧವೇ ತಪ್ಪು. ಯೆಹೂದಿ ವಿಧಿಗಳ ಪ್ರಾಚೀನ ಸಂಗ್ರಹವಾದ ಮಿಶ್ನಾದ ಪೆಸಾಖೀಮ್ ಪ್ರಕರಣ (2:5) ಹೇಳುವುದು ಇದಕ್ಕೆ ನೇರ ವಿರುದ್ಧ: ಹಬ್ಬದ ಮೊದಲ ರಾತ್ರಿ ತಿನ್ನಲೇಬೇಕಾದ ಮತ್ಸಾ, ಅಂದರೆ ಹುಳಿಯಿಲ್ಲದ ರೊಟ್ಟಿ, ಗೋಧಿ, ಬಾರ್ಲಿ ಮೊದಲಾದ ಐದು ಧಾನ್ಯಗಳಿಂದಲೇ ಆಗಬೇಕು. ಹುಳಿಯಬಲ್ಲ ಧಾನ್ಯಕ್ಕೆ ಮಾತ್ರ ಮತ್ಸಾ ಆಗುವ ಯೋಗ್ಯತೆ. ನಿಷಿದ್ಧವಾದದ್ದು ಹಿಟ್ಟಲ್ಲ, ನೀರು ತಾಗಿದ ಮೇಲೆ ಹುಳಿಯಲು ಬಿಟ್ಟ ಹಿಟ್ಟು, ಅಂದರೆ ಖಮೇತ್ಸ್. ಇಂದು ಎಷ್ಟೋ ಮನೆಗಳಲ್ಲಿ ಹಬ್ಬದ ಒಳಗೆ ಹಸಿ ಹಿಟ್ಟಿನ ಡಬ್ಬಿಯನ್ನೇ ಮುಟ್ಟುವುದಿಲ್ಲ, ನಿಜ. ಆದರೆ ಇಂದಿನ ರೂಢಿಯನ್ನು ಹಿಂದಕ್ಕೆ ಎಳೆದು ಎರಡು ಸಾವಿರ ವರ್ಷದ ಕಟ್ಟಳೆ ಮಾಡುವುದು ಇತಿಹಾಸವಾಗುವುದಿಲ್ಲ.

ಈ ತಪ್ಪನ್ನು ಒಂದು ಪ್ಯಾರಾದಲ್ಲಿ ತಿದ್ದಿ ಮುಗಿಸಬಹುದು. ನನ್ನನ್ನು ಈ ಲೇಖನಕ್ಕೆ ಎಳೆದದ್ದು ಇನ್ನೊಂದು ತಪ್ಪು. ಮೂಲಗ್ರಂಥಗಳನ್ನು ಬಲ್ಲವರೇ ಮಾಡುವ ತಪ್ಪಾದ್ದರಿಂದ ಅದು ಹೆಚ್ಚು ಗಂಭೀರ. ಮಿಶ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ಬಾಬಿಲೋನಿಯದ ತಾಲ್ಮುಡ್‌ನ ಪೆಸಾಖೀಮ್ ಸಂಪುಟದಲ್ಲಿ, 37ನೆಯ ಹಾಳೆಯ ಮೊದಲ ಮಗ್ಗುಲಲ್ಲಿ, ‘ಸೆರಿಕೀನ್ ಮೆತ್ಸುಯಾರೀನ್’ ಎಂಬ ತಿಂಡಿಯ ಚರ್ಚೆ ಇದೆ. ಎರಡನೆಯ ಪದಕ್ಕೆ ಚಿತ್ರ ಬಿಡಿಸಿದ್ದು, ಆಕಾರ ಕೊಟ್ಟದ್ದು ಎಂದರ್ಥ. ಮೊದಲನೆಯದು ಒಂದು ಬಗೆಯ ರೊಟ್ಟಿ ಅಥವಾ ಬಿಲ್ಲೆ. ಸಂಕ್ರಾಂತಿಯ ಸಕ್ಕರೆ ಅಚ್ಚು ಕಂಡವರಿಗೆ ‘ಚಿತ್ರದ ಬಿಲ್ಲೆ’ ಎಂದರೆ ಸಾಕು. ಮುಂದೆಯೂ ಹಾಗೆಯೇ ಕರೆಯುತ್ತೇನೆ. ಪೆಸಾಖ್‌ನಲ್ಲಿ ಮನೆಯ ಬಿಸ್ಕತ್ತು ಮತ್ತು ಅಂಗಡಿಯ ಬಿಸ್ಕತ್ತು ಎಂಬ ಭೇದವನ್ನು ಎತ್ತುವ ಹಳೆಯ ಸಾಕ್ಷ್ಯ ಇದೇ. ಆದರೆ ಇದನ್ನು ಉಲ್ಲೇಖಿಸುವವರು ತಮಗೆ ಬೇಕಾದ ಅರ್ಧವನ್ನು ಎತ್ತಿಕೊಂಡು ಉಳಿದರ್ಧವನ್ನು ಬಿಟ್ಟುಬಿಡುತ್ತಾರೆ.

ಪಾಠದ ಸಾರ ಇಷ್ಟು. ಪೆಸಾಖ್‌ನಲ್ಲಿ ಚಿತ್ರದ ಬಿಲ್ಲೆ ಮಾಡಬಾರದು ಎಂಬ ವಿಧಿ ಇತ್ತು; ಮಾಡಿದ್ದೇ ಆದರೆ ಅದನ್ನು ತಿಂದು ಮತ್ಸಾದ ಋಣ ತೀರಿಸಬಹುದಿತ್ತು. ಈ ಎರಡನೆಯ ಮಾತು ಮುಖ್ಯ. ಬಿಲ್ಲೆ ತಾನಾಗಿ ಖಮೇತ್ಸ್ ಅಲ್ಲ, ಆಗಿಬಿಡಬಹುದೆಂಬ ಭಯಕ್ಕೆ ಹಾಕಿದ ಬೇಲಿ ಅದು. ಬೈತೋಸ್ ಬೆನ್ ಜೋನಿನ್ ಎಂಬಾತ ಕಾರಣ ಕೇಳುತ್ತಾನೆ. ಹೆಂಗಸು ಅದರ ಮೇಲೆ ಕೈಯಾಡಿಸುತ್ತಾ ತಡಮಾಡುತ್ತಾಳೆ, ಅಷ್ಟರಲ್ಲಿ ಕಣಕ ಹುಳಿಯುತ್ತದೆ ಎನ್ನುತ್ತಾರೆ ಪಂಡಿತರು. ಹಾಗಾದರೆ ಅಚ್ಚಿನಲ್ಲಿ ಒತ್ತಿದರೆ ಒಂದೇ ಏಟಿಗೆ ಆಗುತ್ತದಲ್ಲ ಎನ್ನುತ್ತಾನೆ ಬೈತೋಸ್. ಎಲ್ಲರ ಬಿಲ್ಲೆ ನಿಷಿದ್ಧ, ಬೈತೋಸನ ಬಿಲ್ಲೆಗೆ ಮಾತ್ರ ಅನುಮತಿ ಎಂದು ಜನ ಆಡಿಕೊಂಡಾರು ಎಂದು ಪಂಡಿತರು ಒಪ್ಪುವುದಿಲ್ಲ. ಇದಾದ ಮೇಲೆ ಎಲಾಜಾರ್ ಬಾರ್ ತ್ಸಾದೋಕ್ ತನ್ನ ನೆನಪೊಂದನ್ನು ಹೇಳುತ್ತಾನೆ. ತಂದೆಯ ಹಿಂದೆ ಪಂಡಿತರ ಮುಖಂಡ ರಬ್ಬಾನ್ ಗಮ್ಲಿಯೇಲನ ಮನೆಗೆ ಹೋಗಿದ್ದಾಗ ಪೆಸಾಖ್‌ನಲ್ಲಿಯೇ ಚಿತ್ರದ ಬಿಲ್ಲೆಗಳನ್ನು ತಂದಿಟ್ಟರು. ಇದು ನಿಷಿದ್ಧವಲ್ಲವೇ ಅಪ್ಪಾ ಎಂದು ಕೇಳಿದ. ನಿಷೇಧ ಎಲ್ಲರ ಬಿಲ್ಲೆಗಲ್ಲ, ರೊಟ್ಟಿ ಸುಟ್ಟು ಮಾರುವವರ ಬಿಲ್ಲೆಗೆ ಎಂದು ತಂದೆ ಉತ್ತರಿಸಿದ. ಕೂಡಲೇ ಪಾಠ ತನ್ನನ್ನೇ ತಡೆದು ಬೇರೆ ಕೆಲವರ ಹೇಳಿಕೆಯನ್ನು ಕೊಡುತ್ತದೆ: ತಂದೆ ಹೇಳಿದ್ದು ಇದರ ತಿರುಗುಮುರುಗು, ನಿಷೇಧ ಮಾರುವವರದಕ್ಕಲ್ಲ, ಎಲ್ಲರದಕ್ಕೆ.

ಒಂದೇ ಮನೆ, ಒಂದೇ ತಟ್ಟೆ, ಒಂದೇ ಪ್ರಶ್ನೆ. ಉತ್ತರ ಮಾತ್ರ ಎರಡು, ಅವೂ ಒಂದಕ್ಕೊಂದು ಎದುರು. ಮನೆಯ ಅಡುಗೆಯನ್ನು ಹೊಗಳಲು ಹೊರಟವರು ಮೊದಲ ಪಾಠವನ್ನು ಉಲ್ಲೇಖಿಸಿ, ಎರಡನೆಯದು ಇದೆಯೆಂದೇ ತೋರಿಸುವುದಿಲ್ಲ. ಕಸುಬುದಾರನ ಕೈಚಳಕದ ಬಗ್ಗೆ ಬರೆಯುವವರು ಎರಡನೆಯದನ್ನು ಹಿಡಿದು ಮೊದಲನೆಯದನ್ನು ನುಂಗುತ್ತಾರೆ. (ಮೊದಲ ಪಾಠವೇ ಸರಿ ಎಂಬುದು ನನ್ನ ಮತವೂ ಹೌದು. ಆದರೆ ಎದುರು ಪಾಠವನ್ನು ಮುಚ್ಚಿಟ್ಟು ಗೆದ್ದ ವಾದವನ್ನು ನಾನು ವಾದವೆಂದು ಒಪ್ಪಲಾರೆ.)

ಎರಡನೆಯ ಪಾಠದ ಪರವಾಗಿರುವ ಬಲವಾದ ಅಂಶ ಬೈತೋಸನಿಗೆ ಸಿಕ್ಕ ಉತ್ತರವೇ. ಹೆಂಗಸು ತಡಮಾಡುತ್ತಾಳೆ ಎಂದ ಮೇಲೆ ಭಯ ಮನೆಯ ಅಡುಗೆಯದ್ದು. ಕಸುಬುದಾರನ ಕೈ ಚುರುಕು, ಆದ್ದರಿಂದ ಅವನಿಗೆ ವಿನಾಯಿತಿ. ಓದಲು ಸಲೀಸಾದ ಅರ್ಥ. ಆದರೆ ಇದರ ಅಡಿಯಲ್ಲಿ ಒಂದು ಊಹೆ ಅಡಗಿದೆ: ಹೆಂಗಸು ಎಂದರೆ ಮನೆ, ಗಂಡಸು ಎಂದರೆ ಅಂಗಡಿ. ಆ ಊಹೆ ನಮ್ಮದು, ಪಾಠದ್ದಲ್ಲ. ಮಿಶ್ನಾದ ಖಲ್ಲಾ ಪ್ರಕರಣವನ್ನು (2:7) ಪಕ್ಕದಲ್ಲಿ ಇಟ್ಟುಕೊಂಡಿದ್ದರೆ ಇಷ್ಟು ಹಗುರವಾಗಿ ಹಾಗೆ ಊಹಿಸಲು ಆಗುತ್ತಿರಲಿಲ್ಲ. ನಾದಿದ ಕಣಕದಿಂದ ಪುರೋಹಿತನಿಗೆ ಎಷ್ಟು ಭಾಗ ಎತ್ತಿಡಬೇಕು ಎಂಬುದು ಅಲ್ಲಿನ ಲೆಕ್ಕ. ತನಗಾಗಿ ಅಥವಾ ಮಗನ ಔತಣಕ್ಕಾಗಿ ನಾದುವವನು ಇಪ್ಪತ್ನಾಲ್ಕರಲ್ಲಿ 1 ಪಾಲು ಎತ್ತಿಡಬೇಕು. ಪೇಟೆಗೆ ಮಾರಲು ಮಾಡುವ ರೊಟ್ಟಿಯವನು ನಲವತ್ತೆಂಟರಲ್ಲಿ 1 ಪಾಲು. ಆ ಮಾತಿನ ಬೆನ್ನಿಗೇ, ಪೇಟೆಯಲ್ಲಿ ಮಾರಲು ಮಾಡುವ ಹೆಂಗಸಿಗೂ ಅದೇ ನಲವತ್ತೆಂಟು. ಹಿಟ್ಟು ನಾದಿ ಮಾರಿ ಬದುಕುವ ಹೆಂಗಸು ಮಿಶ್ನಾದ ಲೋಕದಲ್ಲಿ ಅಪರೂಪದವಳಲ್ಲ. ಅವಳಿಗೆ ಪ್ರತ್ಯೇಕ ವಿಧಿ ಬರೆಯುವಷ್ಟು ಪರಿಚಿತಳು. ಅಲ್ಲಿ ಕಟ್ಟಳೆ ಗೆರೆ ಎಳೆಯುವುದು ಗಂಡು ಹೆಣ್ಣಿನ ನಡುವೆ ಅಲ್ಲ, ತನಗಾಗಿ ಮತ್ತು ಮಾರಾಟಕ್ಕಾಗಿ ಎಂಬುದರ ನಡುವೆ. ತಡಮಾಡುವ ಆ ಹೆಂಗಸನ್ನು ಮನೆಯೊಳಗೇ ಕೂರಿಸಬೇಕಾದ ಒತ್ತಾಯ ಹಾಗಾಗಿ ಇಲ್ಲ. ಚಿತ್ರ ಅಂದವಾಗಿ ಬಾರದಿದ್ದರೆ ಗಿರಾಕಿ ಮುಂದಿನ ಅಂಗಡಿಗೆ ನಡೆಯುತ್ತಾನೆ. ಬಿಲ್ಲೆಯ ಮೇಲಿನ ಹಕ್ಕಿಯ ರೆಕ್ಕೆಯನ್ನು ಮತ್ತೆ ಮತ್ತೆ ತಿದ್ದುವ ಅವಸ್ಥೆ ಮಾರುವವಳದು. ಮನೆಯ ಮಕ್ಕಳಿಗೆ ಮಾಡುವವಳಿಗೆ ಆ ಕಷ್ಟವಿಲ್ಲ.

ಇನ್ನು ಬೈತೋಸ್ ಯಾರು? ಈ ಪ್ರಶ್ನೆಯನ್ನು ಪಾಕಚರಿತ್ರೆಕಾರರು ಕೇಳಿದ್ದನ್ನು ನಾನು ಕಂಡಿಲ್ಲ. ಅವರಿಗೆ ಅವನು ಅಚ್ಚು ಕಂಡುಹಿಡಿದ ಜಾಣ, ಅಷ್ಟೇ. ಮಿಶ್ನಾ ಅವನನ್ನು ಇನ್ನೆರಡು ಕಡೆ ಹೆಸರಿಸುತ್ತದೆ. ಅವೋದಾ ಜಾರಾದಲ್ಲಿ (5:2) ಹಡಗಿನಲ್ಲಿ ಒಣ ಅಂಜೂರ ತರಿಸಿದವನು ಅವನು. ನಿಷಿದ್ಧ ದ್ರಾಕ್ಷಾರಸದ ಪೀಪಾಯಿ ಒಡೆದು ಹಣ್ಣಿನ ಮೇಲೆ ಚೆಲ್ಲಿದಾಗ ಪಂಡಿತರನ್ನು ಕೇಳಿ ಅನುಮತಿ ಪಡೆದ. ಬಾವಾ ಮೆತ್ಸಿಯಾದಲ್ಲಿ (5:3) ಬಡ್ಡಿಯ ದೋಷ ಬಾರದಂತೆ ಪಂಡಿತರ ಮಾತಿನ ಪ್ರಕಾರ ವ್ಯವಹಾರ ನಡೆಸಿದವನೆಂದು ಅವನ ಮಾದರಿ ಕೊಡಲಾಗಿದೆ. ಹಡಗು, ಸರಕು, ಸಾಲ: ಇದು ವ್ಯಾಪಾರಿಯ ಚಿತ್ರ. ಅಂಥವನು ಅಚ್ಚಿನ ಮಾತೆತ್ತಿದರೆ ಅದು ಸ್ವಂತ ಊಟದ ತಟ್ಟೆಗಿಂತ ಮಾರುಕಟ್ಟೆಗೆ ಹತ್ತಿರದ ಮಾತು. ಪಂಡಿತರ ಆಕ್ಷೇಪವೂ ಅದನ್ನೇ ಸೂಚಿಸುತ್ತದೆ. ಮಾಡಿದವನ ಹೆಸರಿನಿಂದ ತಿಂಡಿಯನ್ನು ಕರೆಯುವುದು ಅದು ಅವನ ಮನೆಯ ಹೊಸಿಲು ದಾಟಿ ಹೊರಗೆ ಸಿಗುವಾಗ. ಸಿರಿವಂತನ ಮನೆಯೂಟದ ಬಗ್ಗೆ ಊರು ಆಡಿಕೊಳ್ಳುವ ಮಾತಾಗಿಯೂ ಇದನ್ನು ಓದಬಹುದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅಂಜೂರ ತರಿಸಿದವನು ರೊಟ್ಟಿಯನ್ನೂ ಮಾರಿದ ಎಂದು ಮಿಶ್ನಾ ಎಲ್ಲಿಯೂ ಹೇಳುವುದೂ ಇಲ್ಲ. ಆದರೆ ಎರಡನೆಯ ಪಾಠವನ್ನು ಹಿಡಿದವರು ಒಂದು ಪ್ರಶ್ನೆಗೆ ಉತ್ತರಿಸಬೇಕು. ಕೈ ಚುರುಕು ಎಂಬ ಒಂದೇ ಕಾರಣಕ್ಕೆ ಕಸುಬುದಾರರಿಗೆ ಅನುಮತಿ ಇದ್ದಿದ್ದರೆ, ಕೈಗಿಂತ ಚುರುಕಾದ ಅಚ್ಚನ್ನು ತಂದವನನ್ನು ತಿರುಗಿಸಿ ಕಳುಹಿಸಿದ್ದೇಕೆ? ಕಸುಬುದಾರರ ಬಿಲ್ಲೆಗೆ ಮೊದಲೇ ಅನುಮತಿ ಇದ್ದಲ್ಲಿ, ಬೈತೋಸನದಕ್ಕೆ ಮಾತ್ರ ಅನುಮತಿ ಎಂದು ಜನ ದೂರುವ ಸಂದರ್ಭವೇ ಹುಟ್ಟುವುದಿಲ್ಲ. ನಿಷೇಧ ಮಾರಾಟದ ಬಿಲ್ಲೆಯ ಮೇಲೆ ಇತ್ತು ಎಂದುಕೊಂಡರೆ ಮಾತ್ರ ಮೂರೂ ತುಣುಕುಗಳು ಕೂಡುತ್ತವೆ: ತಡಮಾಡುವ ಹೆಂಗಸು, ಬೈತೋಸನಿಗೆ ಸಿಕ್ಕ ನಿರಾಕರಣೆ, ಗಮ್ಲಿಯೇಲನ ಮನೆಯ ತಟ್ಟೆ.

ಅದೇ ಚರ್ಚೆಯ ಕೊನೆಗೆ ರಬ್ಬಿ ಯೋಸೆ ಮೂರನೆಯ ದಾರಿ ತೋರಿಸುತ್ತಾನೆ. ಬಿಲ್ಲೆಯನ್ನು ಹಪ್ಪಳದಂತೆ ತೆಳ್ಳಗೆ ಮಾಡಬಹುದು, ದಪ್ಪ ರೊಟ್ಟಿಯಂತೆ ಮಾಡಬಾರದು. ಯಾರು ಮಾಡಿದರು ಎಂಬುದನ್ನು ಬಿಟ್ಟು ಬಿಸಿ ಎಷ್ಟು ಬೇಗ ಒಳಗೆ ಇಳಿಯುತ್ತದೆ ಎಂದು ಯೋಚಿಸಿದವನು ಅವನೊಬ್ಬನೇ. ಒಲೆಯ ಮುಂದೆ ನಿಂತವರ ಮಾತು ಅದು.

ಮುಂದಿನ ಶತಮಾನಗಳು ಈ ಸೂಕ್ಷ್ಮವನ್ನು ಉಳಿಸಿಕೊಳ್ಳಲಿಲ್ಲ. ಯೋಸೇಫ್ ಕಾರೋ 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ವಿಧಿಸಂಹಿತೆ ಶುಲ್ಖಾನ್ ಆರುಖ್‌ನಲ್ಲಿ (ಓರಖ್ ಖಯೀಮ್ 460:4) ಪ್ರಾಣಿ ಪಕ್ಷಿಗಳ ಚಿತ್ರ ಬಿಡಿಸುವುದನ್ನು ಒಟ್ಟಾಗಿ ನಿಷೇಧಿಸಿದ. ಮನೆ, ಅಂಗಡಿ ಎಂಬ ಮಾತಿಲ್ಲ. ಕಣಕ ಉಬ್ಬದಿರಲೆಂದು ಹಣಿಗೆಯಂಥ ಸಾಧನದಿಂದ ಗೀರುವುದು, ತೂತು ಹಾಕುವುದು ಇವಕ್ಕೆ ಮಾತ್ರ ಅನುಮತಿ. ನೀರಿನಲ್ಲಿ ನಾದಿದ ಕಣಕವನ್ನು ಕೈಯಾಡಿಸದೆ ಸುಮ್ಮನಿರಿಸಲು ಇರುವ ಅವಧಿ ಒಂದು ಮೀಲ್ ನಡೆಯುವಷ್ಟು, ಅಂದರೆ 18 ನಿಮಿಷ ಎಂದು ಅದೇ ಗ್ರಂಥ (459:2) ನಿಗದಿಮಾಡಿತು. ಆ ಗಡಿಯಾರದ ಕೆಳಗೆ ಸಿಂಹದ ಕೇಸರ ಬಿಡಿಸಲು ಯಾರಿಗೆ ಧೈರ್ಯ ಬಂದೀತು?

ಮನೆಯ ಬಿಸ್ಕತ್ತು ಉಳಿದದ್ದು ಇನ್ನೊಂದು ದಾರಿಯಲ್ಲಿ. ನೀರನ್ನೇ ಬಿಟ್ಟುಬಿಡುವುದು. ದ್ರಾಕ್ಷಾರಸ, ಎಣ್ಣೆ, ಜೇನು, ಹಾಲು, ಹಣ್ಣಿನ ರಸ ಇವುಗಳಲ್ಲಿಯೇ ಕಲಸಿದ ಹಿಟ್ಟು ಇಡೀ ದಿನ ಇಟ್ಟು ಉಬ್ಬಿದರೂ ಖಮೇತ್ಸ್ ಆಗದು, ಅದು ಕೊಳೆಯುವುದೇ ಹೊರತು ಹುಳಿಯುವುದಲ್ಲ ಎಂದು 12ನೆಯ ಶತಮಾನದಲ್ಲಿ ಧರ್ಮಶಾಸ್ತ್ರಕಾರ ಮೈಮೋನಿಡೀಸ್ ಸ್ಪಷ್ಟವಾಗಿ ವಿಧಿಸಿದ. ಒಂದು ಹನಿ ನೀರೂ ಸೇರಿರಬಾರದು ಎಂಬುದು ಷರತ್ತು. ರಸಾಯನಶಾಸ್ತ್ರದ ಭಾಷೆಯಲ್ಲಿ ಇದನ್ನು ಅಳೆಯಬಾರದು; ಖಮೇತ್ಸ್ ಇಲ್ಲಿ ಕಾನೂನಿನ ವರ್ಗ. ಮಿಶ್ನಾ ಕಾಲದ ರಬ್ಬಿ ಅಕೀವಾ ತಾನೇ ದ್ರಾಕ್ಷಾರಸ, ಎಣ್ಣೆ, ಜೇನು ಸೇರಿಸಿ ತನ್ನ ಗುರುಗಳಿಗೆ ನಾದಿಕೊಟ್ಟ, ಅವರು ಏನೂ ಅನ್ನಲಿಲ್ಲ ಎಂಬ ಪ್ರಸಂಗ ಅದೇ ಪೆಸಾಖೀಮ್ ಸಂಪುಟದ 36ನೆಯ ಹಾಳೆಯಲ್ಲಿದೆ. ಆದರೆ ಅದೇ ಅಕೀವಾ, ಅಂಥ ಕಣಕ ಬಡವನ ರೊಟ್ಟಿಯಲ್ಲವಾದ್ದರಿಂದ ಮತ್ಸಾದ ಋಣಕ್ಕೆ ಆಗದು ಎಂದವನು. ತಾಲ್ಮುಡ್ ಇದನ್ನು ಮೊದಲ ದಿನ, ನಂತರದ ದಿನ ಎಂದು ಬಿಡಿಸುತ್ತದೆ. ಅಂದರೆ ಸಿಹಿ ಕಣಕ ಮತ್ಸಾದ ಬದಲಿಯಲ್ಲ, ಅದರ ಜೊತೆಗಾರ. ‘ಮತ್ಸಾ ಅಶೀರಾ’, ಸಿರಿವಂತ ಮತ್ಸಾ, ಎಂಬ ಹೆಸರು ಬಂದದ್ದು ಹೀಗೆ.

ಸ್ಪೇನ್ ಮೂಲದ ಸೆಫಾರ್ದಿ ಮನೆಗಳು ಈ ದಾರಿಯನ್ನು ಹಿಡಿದವು. ಪೋಲೆಂಡಿನ ಮೋಶೆ ಇಸ್ಸರ್ಲೆಸ್, ಕಾರೋನ ಗ್ರಂಥಕ್ಕೆ ಬರೆದ ಟಿಪ್ಪಣಿಯಲ್ಲಿ (462:4), ತನ್ನ ಸೀಮೆಯ ರೂಢಿಯನ್ನು ಬೇರೆಯಾಗಿ ದಾಖಲಿಸಿದ: ಇಲ್ಲಿ ಹಣ್ಣಿನ ರಸದಲ್ಲಿ ನಾದುವುದಿಲ್ಲ, ರೋಗಿಗೋ ಮುದುಕರಿಗೋ ಅಗತ್ಯಬಿದ್ದರೆ ಮಾತ್ರ. ಇಂದಿನ ಇಸ್ರೇಲ್‌ನಲ್ಲಿ ದ್ರಾಕ್ಷಾರಸದ ಬಿಸ್ಕತ್ತಿನ ಪೊಟ್ಟಣದ ಮೇಲೆ ಮತ್ಸಾ ಅಶೀರಾ ತಿನ್ನುವವರಿಗೆ ಮಾತ್ರ ಎಂದು ಅಚ್ಚಾಗುವುದು ಈ ಗೆರೆಯಿಂದಲೇ. ಸೆಫಾರ್ದಿ ಮುಖ್ಯ ರಬ್ಬಿಗಳಾಗಿದ್ದ ಇಬ್ಬರಲ್ಲಿಯೂ ಒಮ್ಮತವಿರಲಿಲ್ಲ: ಓವಾಡ್ಯಾ ಯೋಸೇಫ್ ಅನುಮತಿಯ ಪಕ್ಷ, ಮೊರ್ದೆಖೈ ಎಲಿಯಾಹು ಕಾರ್ಖಾನೆಯ ಬಿಸ್ಕತ್ತಿನ ವಿಷಯದಲ್ಲಿ ಕಟ್ಟುನಿಟ್ಟು. ಹಬ್ಬದ ಬಿಸ್ಕತ್ತನ್ನು ಮಾರುವವನ ಕೈಗೆ ಕೊಡಬಹುದೇ ಎಂಬ ಪ್ರಶ್ನೆ ಹೊಸದೆಂದು ಬರೆಯುವವರು 37ನೆಯ ಹಾಳೆಯನ್ನು ಮತ್ತೊಮ್ಮೆ ತೆರೆಯಬೇಕು.

ಮ್ಯಾಕರೂನ್ ಬರುವುದು ಇದೆಲ್ಲದರ ಕೊನೆಗೆ. ಮಧ್ಯ, ಪೂರ್ವ ಯುರೋಪಿನ ಅಶ್ಕೆನಾಜಿ ಮನೆಗಳಿಗೆ ಹಸಿ ಹಿಟ್ಟು ದೂರವಾದಾಗ, ಒಮ್ಮೆ ಬೆಂದದ್ದು ಮತ್ತೆ ಹುಳಿಯದು ಎಂಬ ಆಧಾರದ ಮೇಲೆ ಮತ್ಸಾವನ್ನೇ ಪುಡಿಮಾಡಿ ಬಿಸ್ಕತ್ತು ಮಾಡಿದರು. ಪುಡಿಯಲ್ಲಿ ಬೇಯದೆ ಉಳಿದ ಹಿಟ್ಟಿಗೆ ನೀರು ತಾಗೀತೆಂದು ಹಸೀದಿ ಪಂಥದವರು ಅದನ್ನೂ ಬಿಟ್ಟರು. ಅವರಿಗೆ ಉಳಿದದ್ದು ಬಾದಾಮಿ, ಮೊಟ್ಟೆ, ಆಲೂಗಡ್ಡೆಯ ಪಿಷ್ಟ. ಹಬ್ಬಕ್ಕೆಂದು ತಯಾರಿಸುವ ಬೇಕಿಂಗ್ ಪೌಡರಿನಲ್ಲಿಯೂ ಜೋಳದ ಪಿಷ್ಟದ ಜಾಗದಲ್ಲಿ ಅದೇ ಆಲೂಗಡ್ಡೆಯ ಪಿಷ್ಟ. ಹಾಗಾಗಿ ಬಾದಾಮಿ ಬಿಲ್ಲೆ ಬೇಲಿಯ ಮೇಲೆ ಬೇಲಿ ಬಿದ್ದ ಮೇಲೆ ಉಳಿದ ಮಡಿ, ಮೂಲವಲ್ಲ. ಆ ಕಣಕದಲ್ಲಿ ಐದು ಧಾನ್ಯಗಳಲ್ಲಿ ಒಂದೂ ಇಲ್ಲ, ಹುಳಿಯಬಹುದಾದದ್ದೇ ಇಲ್ಲ. ಲಟ್ಟಿಸಿ, ಹಕ್ಕಿಯ ಅಚ್ಚು ಒತ್ತಿ, ರೆಕ್ಕೆ ಸರಿಬಾರದಿದ್ದರೆ ಮುದ್ದೆಮಾಡಿ ಮತ್ತೆ ಲಟ್ಟಿಸಬಹುದು. ಹೆಂಗಸು ಎಷ್ಟು ಹೊತ್ತು ಬೇಕಾದರೂ ತಡಮಾಡಬಹುದು.