‘ಆಫ್’ ಎಂಬ ಬಾಲಂಗೋಚಿ

ಲಿಂಗರಾಜಪುರದಲ್ಲಿ ಕನ್ನಡಿಗರು ‘ಲೈಟ್ ಆಫ್ ಮಾಡು’ ಎಂದರೆ, ಪಕ್ಕದ ಮನೆಯ ತಮಿಳರು ‘ಆಫ್ ಪಣ್ಣು’ ಎನ್ನುತ್ತಾರೆ. 1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿನಲ್ಲಿ ನೆಲೆಯೂರಿದ ಮೇಲೆ ಈ ಭಾಗದಲ್ಲಿ ಕನ್ನಡ, ತಮಿಳು, ಉರ್ದು, ಇಂಗ್ಲಿಷ್ ಬೆರೆತವು. 1905ರಲ್ಲಿ ಶಿವನಸಮುದ್ರದ ವಿದ್ಯುತ್ ನಗರಕ್ಕೆ ಬಂತು; ಸ್ವಿಚ್ಚೂ ಬಂತು.

‘ಸ್ವಿಚ್ ಆಫ್’, ‘ಟರ್ನ್ ಆಫ್’, ‘ಪುಟ್ ಆಫ್’ ಮೂರರಲ್ಲೂ ಕನ್ನಡ ಕ್ರಿಯಾಪದವನ್ನು ಕೈಬಿಟ್ಟು ಬಾಲಂಗೋಚಿಯನ್ನಷ್ಟೇ ಹಿಡಿಯಿತು. ಅದಕ್ಕೆ ತನ್ನ ‘ಮಾಡು’ ಸೇರಿಸಿತು. ತಾನಾಗಿ ಆರಿದರೆ ‘ಆಫ್ ಆಯಿತು’.

ತೊಡಕು ಇಲ್ಲಿದೆ: ಮೀಟಿಂಗ್ ‘ಪುಟ್ ಆಫ್’ ಆದರೆ ರದ್ದಾಗಿಲ್ಲ, ಮುಂದಕ್ಕೆ ಹೋಗಿದೆ. ಬಾಲಂಗೋಚಿಯನ್ನೇ ನಂಬಿದವರು ಸಭೆ ತಪ್ಪಿಸಿಕೊಂಡಾರು!

ಇದು ನಮಗೆ ಹೊಸತೇನಲ್ಲ. ‘ಕೊಡು’ ಬೇರೆ, ‘ಬಿಟ್ಟುಕೊಡು’ ಬೇರೆ ಎಂದು ಮಕ್ಕಳಿಗೂ ಗೊತ್ತು. ಇಂಗ್ಲಿಷ್ ಪಾಠ ಅಲ್ಲಿಂದಲೇ ಶುರುವಾದರೆ ಅರ್ಧ ಭಯ ಕಳೆದೀತು.